ಇಜೆಕ್ಷನ್ ಸೀಟು: ಹ್ಯಾಂಡಲ್ ಎಳೆದ ಮೇಲಿನ ಮೂರು ಸೆಕೆಂಡು

ಹಳ್ಳಿಮೇಷ್ಟ್ರು ಕೇಳಿದ್ದು:

2023ರ ಜೂನ್ 1ರಂದು ಚಾಮರಾಜನಗರದ ಹತ್ತಿರ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಒಳಗಿದ್ದ ಇಬ್ಬರೂ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಅದಕ್ಕೂ ಹಿಂದೆ, 2019ರ ಫೆಬ್ರುವರಿ 1ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಮಿರಾಜ್ 2000 ಬಿದ್ದಾಗ ಇಬ್ಬರೂ ಉಳಿಯಲಿಲ್ಲ. ಅದೇ ತಿಂಗಳ 19ಕ್ಕೆ ಯಲಹಂಕದಲ್ಲಿ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾದಾಗ ಮೂವರಲ್ಲಿ ಇಬ್ಬರು ಉಳಿದರು, ಒಬ್ಬರು ಹೋದರು.

ಸೀಟಿನ ಸಮೇತ ವಿಮಾನದಿಂದ ಹೊರಗೆ ಚಿಮ್ಮುವುದನ್ನು ಪೇಪರಿನವರು 'ಇಜೆಕ್ಟ್ ಆದರು' ಅಂತ ಎರಡೇ ಪದದಲ್ಲಿ ಮುಗಿಸುತ್ತಾರೆ. ನನಗೆ ಬೇಕಿರುವುದು ಅದರ ಒಳಗಿನ ವಿವರ.

ಹ್ಯಾಂಡಲ್ ಎಳೆದ ಮೇಲೆ ಯಾವುದರ ಹಿಂದೆ ಯಾವುದು ನಡೆಯುತ್ತದೆ? ಈಗಿನ ಸೀಟುಗಳೆಲ್ಲ 'ಜೀರೋ-ಜೀರೋ', ನೆಲದ ಮೇಲೆ ನಿಂತಿದ್ದರೂ ಉಳಿಸುತ್ತವೆ ಅನ್ನುತ್ತಾರೆ. ಹಾಗಿದ್ದರೆ ಆಕಾಶದಲ್ಲಿದ್ದವರು ಸಾಯುವುದು ಯಾಕೆ? ಬೆನ್ನುಮೂಳೆ ಮುರಿಯುತ್ತದೆ, ಎತ್ತರ ಕಮ್ಮಿಯಾಗುತ್ತದೆ ಅನ್ನುವುದು ನಿಜವೋ, ಕಟ್ಟುಕತೆಯೋ?

ಸೀಟ್‌ಬೇ ಉತ್ತರ:

ಮೇಷ್ಟ್ರೇ, ಮೊದಲನೆಯ ಪ್ರಶ್ನೆಗೆ ಹಾಕ್ ವಿಮಾನದ ಸೀಟನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೀದರಿನಲ್ಲಿ ಹಾರುವ ಹಾಕ್‌ಗಳಲ್ಲಿರುವುದು ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯ ಮಾರ್ಕ್ 10 ಜಾತಿಯದು. ಇಡೀ ಸೀಟು ಸಿಡಿಮದ್ದು, ಅನಿಲದ ಕೊಳವೆ, ಸ್ಪ್ರಿಂಗು, ಗಡಿಯಾರಗಳ ಮೇಲೆ ನಡೆಯುತ್ತದೆ. ವಿಮಾನದ ಕರೆಂಟು ಪೂರ್ತಿ ಹೋಗಿದ್ದರೂ ಅದಕ್ಕೆ ಚಿಂತೆಯಿಲ್ಲ.

ಪೈಲಟ್‌ನ ಎರಡು ತೊಡೆಗಳ ನಡುವೆ, ಸೀಟಿನ ಮುಂಭಾಗದಲ್ಲಿ, ಹಳದಿ-ಕಪ್ಪು ಪಟ್ಟೆಯ ಹ್ಯಾಂಡಲ್ ಇರುತ್ತದೆ. ಅದನ್ನು ಮೇಲಕ್ಕೆ ಎಳೆದರೆ ಒಂದು ಪಿನ್ನು ಜಾರಿ, ಸ್ಪ್ರಿಂಗಿನ ಸುತ್ತಿಗೆ ಬಿದ್ದು, ಮೊದಲ ಕಾರ್ಟ್ರಿಡ್ಜ್ ಸಿಡಿಯುತ್ತದೆ. ಬಂದೂಕಿನ ತೋಟಾ ಹೇಗೋ ಹಾಗೆಯೇ, ಆದರೆ ಇದರಲ್ಲಿ ಗುಂಡಿಲ್ಲ, ಬೇಕಿರುವುದು ಹೊಗೆಯ ಒತ್ತಡ ಮಾತ್ರ. ಆ ಒತ್ತಡ ಕೊಳವೆಗಳಲ್ಲಿ ಹಂಚಿಹೋಗುತ್ತದೆ. ಒಂದು ಕವಲು ಭುಜದ ಬೆಲ್ಟುಗಳನ್ನು ಸುತ್ತಿ ಪೈಲಟ್‌ನ ಬೆನ್ನನ್ನು ಸೀಟಿಗೆ ಒರಗಿಸುತ್ತದೆ. ಅವನು ಮುಂದಕ್ಕೆ ಬಾಗಿದ್ದರೂ ಸರಿ, ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಎಳೆದು ಕೂರಿಸುತ್ತದೆ. ಇನ್ನೊಂದು ಕವಲು ಹೋಗುವುದು ಸೀಟಿನ ಹಿಂದಿನ ಇಜೆಕ್ಷನ್ ಗನ್ನಿಗೆ.

ತಲೆಯ ಮೇಲಿನ ಗಾಜಿನ ಗುಮ್ಮಟ ಏನಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ವಿಮಾನ ನಿಂತಿರುವಾಗ ಹಾಕ್‌ನ ಕ್ಯಾನೊಪಿ ನೋಡಿದರೆ ಒಳಮೈಗೆ ಅಂಕುಡೊಂಕಾದ ಬೂದು ಗೆರೆ ಅಂಟಿಸಿದ್ದು ಕಾಣುತ್ತದೆ. ಅದು ಬಿರುಕೂ ಅಲ್ಲ, ಅಲಂಕಾರವೂ ಅಲ್ಲ. ಸೀಸದ ಸಪೂರ ನಾಳದೊಳಗೆ ತುಂಬಿದ ಸಿಡಿಮದ್ದು. ಸೀಟು ಏಳುವ ಹೊತ್ತಿಗೆ ಅದು ಸಿಡಿದು ಗಾಜನ್ನು ಚೂರುಮಾಡುತ್ತದೆ. ಸೀಸದ ಹನಿ, ಗಾಜಿನ ಚೂರು ಮುಖಕ್ಕೆ ಎರಚುವುದರಿಂದಲೇ ಹೆಲ್ಮೆಟ್ಟಿನ ವೈಸರ್ ಇಳಿಸಿರಬೇಕು, ಮಾಸ್ಕು ಬಿಗಿಯಾಗಿರಬೇಕು ಅನ್ನುವುದು. ಸುಖೋಯ್-30, ಮಿಗ್-29ರಲ್ಲಿ ದಾರಿ ಬೇರೆ: ಕ್ಯಾನೊಪಿ ಇಡಿಯಾಗಿಯೇ ಕಿತ್ತು ಹಾರಿಹೋಗುತ್ತದೆ, ಆಮೇಲೆ ಸೀಟು.

ಈಗ ಗನ್. ಒಂದರೊಳಗೊಂದು ಸೇರಿದ ಕೊಳವೆಗಳು. ಜಾತ್ರೆಯ ಕದಿನಿಯ ಹಾಗೆ ಒಮ್ಮೆಲೇ ಢಂ ಅಂದುಬಿಟ್ಟರೆ ಬೆನ್ನುಮೂಳೆ ಪುಡಿಯಾದೀತು. ಆದ್ದರಿಂದ ಮೊದಲು ಒಂದೇ ಕಾರ್ಟ್ರಿಡ್ಜ್ ಸಿಡಿದು ಸೀಟನ್ನು ಹಳಿಯ ಮೇಲೆ ಚಲಿಸುವಂತೆ ಮಾಡುತ್ತದೆ. ಕೊಳವೆ ಮೇಲೇರುತ್ತಿದ್ದಂತೆ ಪಕ್ಕದ ರಂಧ್ರಗಳು ತೆರೆದುಕೊಂಡು, ಅದೇ ಬೆಂಕಿ ಉಳಿದ ಕಾರ್ಟ್ರಿಡ್ಜ್‌ಗಳಿಗೆ ತಾಗುತ್ತದೆ. ಒತ್ತಡ ಹೀಗೆ ಹಂತಹಂತವಾಗಿ ಏರುತ್ತದೆ. ಗನ್ನಿನ ಓಟ ಮುಗಿಯುವಷ್ಟರಲ್ಲಿ ಸೀಟಿನ ಅಡಿಯ ರಾಕೆಟ್ ಹೊತ್ತಿಕೊಳ್ಳುತ್ತದೆ. ಅದರ ಆಯುಸ್ಸು ಸುಮಾರು ಕಾಲು ಸೆಕೆಂಡು.

ಸೀಟು ಏರುವಾಗ ಇನ್ನಷ್ಟು ಕೆಲಸಗಳು ತಾವಾಗಿಯೇ ಆಗುತ್ತವೆ. ಪೈಲಟ್ ಮೊಣಕಾಲಿನ ಕೆಳಗೆ ಕಟ್ಟಿಕೊಂಡ ಪಟ್ಟಿಗಳಿಂದ ಒಂದೊಂದು ಹಗ್ಗ ಹೊರಟು, ಸೀಟಿನ ಮೂಲಕ ಹಾದು, ಕಾಕ್‌ಪಿಟ್ಟಿನ ನೆಲಕ್ಕೆ ಸಿಕ್ಕಿಸಿರುತ್ತದೆ. ಸೀಟು ಮೇಲೇರಿದಷ್ಟೂ ಹಗ್ಗ ಎಳೆದು ಕಾಲುಗಳನ್ನು ಹಿಂದಕ್ಕೆ ಬಿಗಿಯುತ್ತದೆ. ಪೂರ್ತಿ ಬಿಗಿದ ಮೇಲೆ ನೆಲದ ಕಡೆಯ ರಿವೆಟ್ ಬೇಕೆಂದೇ ಮುರಿಯುತ್ತದೆ. ಇದಿಲ್ಲದಿದ್ದರೆ ಮೊಣಕಾಲು ಡ್ಯಾಶ್‌ಬೋರ್ಡಿನ ಅಂಚಿಗೆ ಬಡಿಯುತ್ತದೆ. ತುರ್ತು ಆಮ್ಲಜನಕದ ಸಿಲಿಂಡರ್ ತೆರೆಯುವುದೂ, ವಿಮಾನದಿಂದ ಬಂದ ಗಾಳಿ-ರೇಡಿಯೊ ಕೊಳವೆಗಳು ಕಳಚುವುದೂ ಇದೇ ಓಟದಲ್ಲಿ.

ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಡ್ರೋಗ್ ಗನ್ ಹೊಡೆಯುತ್ತದೆ. ಅದು ಒಂದು ಲೋಹದ ತುಂಡನ್ನು ಎಸೆದು ಚಿಕ್ಕ ಪ್ಯಾರಾಚೂಟನ್ನು, ಅದರ ಬೆನ್ನಿಗೆ ಸ್ವಲ್ಪ ದೊಡ್ಡದನ್ನು ಬಿಚ್ಚುತ್ತದೆ. ಡ್ರೋಗ್ ಅನ್ನುವ ಇವು ಪೈಲಟ್‌ನನ್ನು ಇಳಿಸುವುದಕ್ಕಲ್ಲ. ಸೀಟು ತಲೆಕೆಳಗಾಗಿ ಗಿರಕಿ ಹೊಡೆಯದಂತೆ ತಡೆದು, ವೇಗ ಇಳಿಸುವುದಕ್ಕೆ. ಡ್ರೋಗಿನ ಹಗ್ಗ ಸೀಟಿನ ನೆತ್ತಿಯಲ್ಲಿ ಕತ್ತರಿಯಾಕಾರದ ಕೊಂಡಿಯೊಂದಕ್ಕೆ ಸಿಕ್ಕಿರುತ್ತದೆ. ಆ ಕೊಂಡಿ ನೆನಪಿಟ್ಟುಕೊಳ್ಳಿ, ಕೆಳಗೆ ಯಾರಾದರೂ ಅದರ ವಿಷಯ ಎತ್ತಿಯೇ ಎತ್ತುತ್ತಾರೆ.

ಸುಮಾರು ಒಂದೂವರೆ ಸೆಕೆಂಡಿಗೆ ಗಡಿಯಾರದ ಯಂತ್ರ ಬೀಗಗಳನ್ನು ಬಿಡುತ್ತದೆ. ಕತ್ತರಿ ಬಾಯಿ ತೆರೆದು, ಡ್ರೋಗಿನ ಎಳೆತ ಸೀಟನ್ನು ಬಿಟ್ಟು ದೊಡ್ಡ ಪ್ಯಾರಾಚೂಟಿನ ಮೇಲೆ ಬೀಳುತ್ತದೆ. ಬೆಲ್ಟುಗಳು ಸೀಟಿನಿಂದ ಕಳಚಿಕೊಳ್ಳುತ್ತವೆ. ಪ್ಯಾರಾಚೂಟು ಪೈಲಟ್‌ನನ್ನು ಸೀಟಿನಿಂದ ಎತ್ತಿ ಬೇರೆ ಮಾಡುತ್ತದೆ, ಸೀಟು ತನ್ನ ಪಾಡಿಗೆ ಕೆಳಗೆ ಬೀಳುತ್ತದೆ. ಎಲ್ಲ ಸೇರಿ ಮೂರು ಸೆಕೆಂಡಿನ ಒಳಗೆ.

ಇದು ತಗ್ಗಿನ ಎತ್ತರದ ಲೆಕ್ಕ. 30,000 ಅಡಿಯಲ್ಲಿ ಹಾರಿದರೆ ಗಡಿಯಾರವನ್ನು ಬ್ಯಾರೊಸ್ಟಾಟ್, ಅಂದರೆ ಗಾಳಿಯ ಒತ್ತಡ ಅಳೆಯುವ ಡಬ್ಬಿ, ಹಿಡಿದು ನಿಲ್ಲಿಸುತ್ತದೆ. ಪೈಲಟ್ ಸೀಟಿನಲ್ಲೇ ಕೂತು, ಡ್ರೋಗಿನ ಕೆಳಗೆ, ಸಿಲಿಂಡರಿನ ಆಮ್ಲಜನಕ ಉಸಿರಾಡುತ್ತ 10,000 ಅಡಿಯವರೆಗೆ ಬೀಳುತ್ತಾನೆ. ಮೇಲೆಯೇ ಪ್ಯಾರಾಚೂಟು ಬಿಚ್ಚಿದರೆ ಚಳಿಯಲ್ಲಿ, ಉಸಿರಿಲ್ಲದೆ ಬಹಳ ಹೊತ್ತು ತೇಲಬೇಕು, ಬಿಚ್ಚುವಾಗಿನ ಜಗ್ಗೂ ಜೋರು. ಎತ್ತರದ ಬೆಟ್ಟಸಾಲುಗಳ ಮೇಲೆ ಹಾರುವವರಿಗೆ ಈ ಅಂಕಿಯನ್ನು 5,000 ಮೀಟರಿಗೆ ಏರಿಸುವುದುಂಟು. ಕಾರಣ ಗೊತ್ತಾಯಿತಲ್ಲ? 10,000 ಅಡಿಗೆ ಇಳಿಯುವ ಮೊದಲೇ ಬೆಟ್ಟ ಸಿಕ್ಕಿಬಿಡುತ್ತದೆ.

ಎತ್ತರವಾಣಿ ಉತ್ತರ:

ಸೀಟ್‌ಬೇ ಯಂತ್ರದ ಕತೆ ಪೂರ್ತಿ ಹೇಳಿದ್ದಾರೆ. ಎರಡನೆಯ ಪ್ರಶ್ನೆ ನನ್ನದು.

'ಜೀರೋ-ಜೀರೋ' ಅಂದರೆ ಎತ್ತರ ಸೊನ್ನೆ, ವೇಗ ಸೊನ್ನೆ. ಆದರೆ ಅದರ ಜೊತೆ ಇನ್ನೂ ಎರಡು ಷರತ್ತುಗಳಿವೆ, ಅವನ್ನು ಯಾರೂ ಹೇಳುವುದಿಲ್ಲ: ವಿಮಾನ ನೆಟ್ಟಗಿರಬೇಕು, ಕೆಳಕ್ಕೆ ಬೀಳುತ್ತಿರಬಾರದು. ಬೀಳುವ ವಿಮಾನದಲ್ಲಿ ಈ ಎರಡೂ ಇರುವುದಿಲ್ಲ ಮಾರಾಯ್ರೇ, ಅದಕ್ಕೇ ತಾನೆ ಅದು ಬೀಳುತ್ತಿರುವುದು!

ಲೆಕ್ಕ ಹಾಕೋಣ. ಕಿರಣ್‌ನಲ್ಲಿರುವುದು ಹಳೆಯ ಮಾರ್ಕ್ 4 ಜಾತಿಯ ಸೀಟು, ರಾಕೆಟ್ ಇಲ್ಲ, ಗನ್ ಒಂದೇ. ಆ ಗನ್ ಸೀಟಿಗೆ ಕೊಡುವ ವೇಗ ಸೆಕೆಂಡಿಗೆ 80 ಅಡಿ, ಅಂದರೆ 24 ಮೀಟರ್. ನಿಂತಲ್ಲಿಂದ ಈ ವೇಗದಲ್ಲಿ ಮೇಲೆಸೆದ ವಸ್ತು, ಗಾಳಿಯ ತಡೆ ಬಿಟ್ಟರೂ, 29 ಮೀಟರಿಗಿಂತ ಮೇಲೆ ಹೋಗುವುದಿಲ್ಲ. ಅಷ್ಟರೊಳಗೆ ಪ್ಯಾರಾಚೂಟಿಗೆ ಗಾಳಿ ತುಂಬಬೇಕಾದರೆ ಮುಂದಕ್ಕೆ ಓಟವೂ ಬೇಕು. ಹಾಗಾಗಿ ಈ ಸೀಟಿಗೆ ನೆಲಮಟ್ಟದಲ್ಲಿ ಕನಿಷ್ಠ 90 ನಾಟ್ (ಗಂಟೆಗೆ ಸುಮಾರು 167 ಕಿ.ಮೀ.) ವೇಗ ಬೇಕು ಅನ್ನುವ ನಿಯಮ. ಇದು ಜೀರೋ-ಜೀರೋ ಅಲ್ಲ, ಜೀರೋ-90. 2025ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾದ ಮಿಗ್-21ರ ಕೆಎಂ-1 ಸೀಟೂ ಅಷ್ಟೇ. ನೆಲಮಟ್ಟದಲ್ಲಿ ಗಂಟೆಗೆ 130 ಕಿ.ಮೀ. ಓಟ ಕೇಳುತ್ತಿತ್ತು.

ಈಗ ಅದೇ ಕಿರಣ್ ಸೆಕೆಂಡಿಗೆ 24 ಮೀಟರ್ ಕೆಳಗಿಳಿಯುತ್ತಿದೆ ಅನ್ನಿ. ಕಾಕ್‌ಪಿಟ್ಟಿನ ಮಾಪಕದಲ್ಲಿ ಇದು ನಿಮಿಷಕ್ಕೆ ಸುಮಾರು 4,700 ಅಡಿ. ಎಂಜಿನ್ ಸತ್ತು ಮೂಗು ತಗ್ಗಿಸಿದ ಜೆಟ್ಟಿಗೆ ಇದೇನೂ ದೊಡ್ಡದಲ್ಲ. ಸೀಟು ವಿಮಾನದಿಂದ 24ರ ವೇಗದಲ್ಲಿ ಮೇಲೆ ಹೋಯಿತು, ವಿಮಾನ 24ರ ವೇಗದಲ್ಲಿ ಕೆಳಗೆ. ನೆಲದಿಂದ ನೋಡಿದವನಿಗೆ ಸೀಟು ಮೇಲೇರಲೇ ಇಲ್ಲ, ಇದ್ದಲ್ಲೇ ನಿಂತು ಬೀಳಲು ಶುರುಮಾಡಿತು. ಗನ್ನಿನ ಅಷ್ಟೂ ಶಕ್ತಿ ಇಳಿತ ರದ್ದುಮಾಡುವುದಕ್ಕೇ ಖರ್ಚು. ರಾಕೆಟ್ ಸೀಟಿಗೂ ಇದೇ ಕಳೆಯುವ ಲೆಕ್ಕ, ಅಂಕಿ ಮಾತ್ರ ದೊಡ್ಡದು.

ವಾಲುವಿಕೆ ಇನ್ನೂ ಕೆಟ್ಟದ್ದು. ಸೀಟು ಹಾರುವುದು ಆಕಾಶದ ಕಡೆಗಲ್ಲ, ಕ್ಯಾನೊಪಿಯ ಕಡೆಗೆ. ವಿಮಾನ 90 ಡಿಗ್ರಿ ವಾಲಿದ್ದರೆ ಸೀಟು ಅಡ್ಡಕ್ಕೆ ಹೋಗುತ್ತದೆ. ಮಗುಚಿದ್ದರೆ ರಾಕೆಟ್ಟೇ ಪೈಲಟ್‌ನನ್ನು ನೆಲಕ್ಕೆ ಒಗೆಯುತ್ತದೆ. ತಗ್ಗಿನಲ್ಲಿ ಎರಡು ವಿಮಾನ ಡಿಕ್ಕಿಯಾದರೆ ಯಾರದು ಯಾವ ಕ್ಷಣದಲ್ಲಿ ಯಾವ ಕಡೆ ತಿರುಗಿರುತ್ತದೋ ದೇವರೇ ಬಲ್ಲ. ಒಂದೇ ಅಪಘಾತದಲ್ಲಿ ಒಬ್ಬರಿಗೆ ಒಂದು ಗತಿ, ಇನ್ನೊಬ್ಬರಿಗೆ ಇನ್ನೊಂದು ಆಗುವುದು ಹೀಗೆ.

1989ರ ಜೂನ್ 8ರಂದು ಪ್ಯಾರಿಸ್ಸಿನ ಲೆ ಬೂರ್ಜೆ ಪ್ರದರ್ಶನದಲ್ಲಿ ಮಿಗ್-29ರ ಬಲ ಎಂಜಿನ್ನಿಗೆ ಹಕ್ಕಿ ಹೊಕ್ಕು, ನಿಧಾನವಾಗಿ ಹಾರುತ್ತಿದ್ದ ವಿಮಾನ ಮೂಗು ಕೆಳಗೆ ಮಾಡಿ ಬಿತ್ತು. ಪೈಲಟ್ ಅನತೋಲಿ ಕ್ವೋಚುರ್ ಹಾರಿದ್ದು ನೂರು ಮೀಟರಿಗೂ ಕಡಿಮೆ ಎತ್ತರದಲ್ಲಿ. ಪ್ಯಾರಾಚೂಟು ಬಿಚ್ಚುತ್ತಿದ್ದಂತೆಯೇ ನೆಲ ತಾಗಿತು, ವಿಮಾನದ ಬೆಂಕಿ ಪಕ್ಕದಲ್ಲೇ. ಆದರೂ ಉಳಿದರು. ರಷ್ಯದ ಜ್ವೆಜ್ದಾ ಸಂಸ್ಥೆಯ ಕೆ-36 ಸೀಟಿಗೆ ಲೋಕದಲ್ಲಿ ಹೆಸರು ಬಂದದ್ದು ಆ ದಿನ. ಅದೇ ವಂಶದ ಸೀಟು ನಮ್ಮ ಸುಖೋಯ್-30ರಲ್ಲಿದೆ. ಆದರೆ ಆ ವಿಡಿಯೊ ತೋರಿಸಿ 'ನೋಡಿ, ಕೊನೇ ಗಳಿಗೆಯಲ್ಲೂ ಆಗುತ್ತದೆ' ಅನ್ನುವುದು ಅಪಾಯಕಾರಿ ಪಾಠ.

ಯಾಕೆಂದರೆ ಸೀಟಿನ ಮೂರು ಸೆಕೆಂಡಿಗಿಂತ ಮೊದಲಿನ ಸೆಕೆಂಡುಗಳೇ ಹೆಚ್ಚು ಜನರನ್ನು ಕೊಂದಿವೆ. 'ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ', 'ಆ ಮನೆಗಳನ್ನು ದಾಟಿಸಿಬಿಡೋಣ'. ಸೆಕೆಂಡಿಗೆ 50 ಮೀಟರ್ ಇಳಿಯುವ ವಿಮಾನದಲ್ಲಿ ಎರಡು ಸೆಕೆಂಡು ಯೋಚಿಸಿದರೆ 100 ಮೀಟರ್ ಹೋಯಿತು. ಆದಕಾರಣ ತೀರ್ಮಾನವನ್ನು ನೆಲದ ಮೇಲೆಯೇ ಮಾಡಿ ಅಂಕಿಯಾಗಿ ಬರೆದಿಡುತ್ತಾರೆ. ಅಮೆರಿಕದ ವಾಯುಪಡೆ ಎಫ್-16ಕ್ಕೆ ಇಟ್ಟ ಅಂಕಿ: ವಿಮಾನ ಹಿಡಿತದಲ್ಲಿದ್ದರೆ ನೆಲದಿಂದ 2,000 ಅಡಿ, ಹಿಡಿತ ತಪ್ಪಿದ್ದರೆ 6,000 ಅಡಿ. ಅಷ್ಟಕ್ಕೆ ಬಂದಾಗ ಸರಿಹೋಗಿಲ್ಲವೋ, ಎಳೆಯಬೇಕು.

ವೇಗ ಇನ್ನೂ ಉಳಿದಿದ್ದರೆ ಅದನ್ನು ಎತ್ತರಕ್ಕೆ ಬದಲಾಯಿಸಿಕೊಳ್ಳುವುದು ಮೊದಲ ಕೆಲಸ. 400 ನಾಟಿನಲ್ಲಿ ಹಾರುವಾಗ ಎಂಜಿನ್ ಹೋದರೆ, ಮೂಗೆತ್ತಿ 250 ನಾಟಿಗೆ ಇಳಿಯುವಷ್ಟರಲ್ಲಿ, ಗಾಳಿಯ ತಡೆಯ ನಷ್ಟ ಬಿಟ್ಟು, 1,300 ಮೀಟರ್ ಗಳಿಕೆ. ಎತ್ತರವೂ ಸಿಕ್ಕಿತು, ಮುಖಕ್ಕೆ ಬಡಿಯುವ ಗಾಳಿಯೂ ತಗ್ಗಿತು.

ಹಳ್ಳಿಮೇಷ್ಟ್ರು:

29 ಮೀಟರಿನ ಲೆಕ್ಕ ನಾನೂ ಮಾಡಿ ನೋಡಿದೆ, ತಾಳೆಯಾಯಿತು. ಇಬ್ಬರು ಕೂರುವ ವಿಮಾನದಲ್ಲಿ ಯಾರು ಮೊದಲು ಎಳೆಯಬೇಕು? ಒಬ್ಬರ ರಾಕೆಟ್ ಇನ್ನೊಬ್ಬರನ್ನು ಸುಡುವುದಿಲ್ಲವೇ?

ಸೀಟ್‌ಬೇ ಉತ್ತರ:

ಸುಡುತ್ತದೆ, ಅದಕ್ಕೇ ಒಂದರ ಹಿಂದೊಂದು ಕೂರುವ ವಿಮಾನದಲ್ಲಿ ಹಿಂದಿನವರು ಮೊದಲು. ಮುಂದಿನ ಸೀಟು ಮೊದಲು ಎದ್ದರೆ ಅದರ ರಾಕೆಟ್ಟಿನ ಬೆಂಕಿ ನೇರ ಹಿಂದಿನವರ ಮೇಲೆ. ಹಿಂದಿನದು ಎದ್ದು ಅರೆ ಸೆಕೆಂಡಿನೊಳಗೆ ಮುಂದಿನದು. ಎರಡೂ ಆಕಾಶದಲ್ಲಿ ತಾಗದಂತೆ ಒಂದು ಎಡಕ್ಕೆ, ಒಂದು ಬಲಕ್ಕೆ ವಾಲುವ ಹಾಗೆ ರಾಕೆಟ್ ಹೊಂದಿಸಿರುತ್ತಾರೆ. ಯಾರು ಎಳೆದರೆ ಇಬ್ಬರೂ ಹೋಗಬೇಕು ಅನ್ನುವುದನ್ನು ಕಾಕ್‌ಪಿಟ್ಟಿನ ಒಂದು ಲಿವರ್ ನಿರ್ಧರಿಸುತ್ತದೆ. ಹಾರುವ ಮೊದಲೇ ಅದನ್ನು ಹೊಂದಿಸಿ, ಇಬ್ಬರೂ ಬಾಯಿಬಿಟ್ಟು ಹೇಳಿ ಖಾತರಿ ಮಾಡಿಕೊಳ್ಳಬೇಕು.

ಈ ಜೋಡಣೆ ಕೈಕೊಟ್ಟು ಒಳ್ಳೆಯದೇ ಆದ ಪ್ರಸಂಗವೂ ಇದೆ. 2019ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಯಾಂ-ದಿಜಿಯೆಯಿಂದ ಹೊರಟ ರಫೇಲಿನ ಹಿಂದಿನ ಸೀಟಿನಲ್ಲಿ 64 ವರ್ಷದ ನಾಗರಿಕ ಅತಿಥಿ. ಬೆಲ್ಟು ಸಡಿಲ, ಹೆಲ್ಮೆಟ್ಟಿನ ಪಟ್ಟಿಯೂ ಸರಿಯಾಗಿ ಬಿಗಿದಿರಲಿಲ್ಲ. ಕಡಿದಾಗಿ ಏರಿದ ಪೈಲಟ್ ವಿಮಾನವನ್ನು ಸಮ ಮಾಡುವಾಗ ಅತಿಥಿಯ ಮೈ ಸೀಟಿನಿಂದ ಮೇಲೆದ್ದಿತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಹಿಡಿದರು, ಸಿಕ್ಕಿದ್ದು ಆ ಹ್ಯಾಂಡಲ್. ಅವರು ಹೊರಗೆ ಹೋದರು, ಹೆಲ್ಮೆಟ್ ಹಾರಿಹೋಯಿತು, ಜೀವ ಉಳಿಯಿತು. ಜೊತೆಗೇ ಹೋಗಬೇಕಿದ್ದ ಪೈಲಟ್‌ನ ಸೀಟು ದೋಷದಿಂದ ಏಳಲಿಲ್ಲ. ಕ್ಯಾನೊಪಿಯಿಲ್ಲದ ವಿಮಾನವನ್ನು ಆತ ಹಾಗೆಯೇ ತಂದು ಇಳಿಸಿದ. ಅತಿಥಿಯನ್ನು ಕೂರಿಸುವಾಗ ಸೊಂಟದ ಬೆಲ್ಟನ್ನು ನೋವಾಗುವಷ್ಟು ಬಿಗಿಯುವುದು ಸುಮ್ಮನೆ ಅಲ್ಲ.

ಡಿ12ಎಲ್1 ಉತ್ತರ:

ಮೂರನೆಯ ಪ್ರಶ್ನೆ. ಬೆನ್ನುಮೂಳೆಯ ಮಾತು ಕಟ್ಟುಕತೆಯಲ್ಲ.

ಮೇಲಿನ ಗನ್ನಿನ ಅಂಕಿಯನ್ನೇ ತೆಗೆದುಕೊಳ್ಳಿ. ಸುಮಾರು 1.8 ಮೀಟರ್ ಉದ್ದದ ಓಟದಲ್ಲಿ ಸೊನ್ನೆಯಿಂದ 24 ಮೀಟರ್ ವೇಗ ಬರಬೇಕು. ಸರಾಸರಿ 16 ಜಿ (ಅಂದರೆ ಭೂಮಿಯ ಎಳೆತದ 16 ಪಟ್ಟು), ಹಿಡಿಯುವ ಸಮಯ 0.15 ಸೆಕೆಂಡು. ಸರಾಸರಿಯೇ ಇಷ್ಟಾದರೆ ತುದಿಯ ಅಂಕಿ ಇನ್ನೂ ಮೇಲೆ. ಸೊಂಟದ ಮೇಲಿನ ಭಾಗ, ತಲೆ, ಹೆಲ್ಮೆಟ್ ಸೇರಿ 40 ಕಿಲೊ ಅಂದುಕೊಂಡರೆ, 16 ಜಿ ಯಲ್ಲಿ 640 ಕಿಲೊ ಭಾರ ನಡುಬೆನ್ನಿನ ಒಂದು ಮೂಳೆಯ ಮೇಲೆ ಕೂರುತ್ತದೆ. ಎದೆಯ ಗಟ್ಟಿ ಗೂಡು ಮುಗಿದು ಸೊಂಟದ ಬಾಗುವ ಭಾಗ ಶುರುವಾಗುವ ಕಡೆ, ವೈದ್ಯರು ಡಿ12, ಎಲ್1 ಅನ್ನುವ ಮೂಳೆಗಳಲ್ಲಿ ಬಿರುಕು ಹೆಚ್ಚು. ಮೂಳೆಯ ಮುಂಭಾಗ ಬೆಣೆಯಂತೆ ಜಜ್ಜುತ್ತದೆ. ರಾಕೆಟ್ ಬಂದದ್ದರ ದೊಡ್ಡ ಉಪಕಾರವೇ ಇದು: ಅದೇ ಎತ್ತರವನ್ನು ನಿಧಾನದ ತಳ್ಳಿನಿಂದ ಗಳಿಸಬಹುದು, ಗನ್ನಿನ ಏಟು ಮೆತ್ತಗಾಗುತ್ತದೆ.

ಎಷ್ಟು ಜಿ ಅನ್ನುವುದಷ್ಟೇ ಅಲ್ಲ, ಎಷ್ಟು ಬೇಗ ಏರಿತು ಅನ್ನುವುದೂ ಮುಖ್ಯ. ಮಾರ್ಟಿನ್-ಬೇಕರ್ ಕಂಪನಿ ಕಟ್ಟಿದ ಜೇಮ್ಸ್ ಮಾರ್ಟಿನ್ 1940ರ ದಶಕದಲ್ಲೇ ಕಂಡುಕೊಂಡದ್ದು ಇದನ್ನು. 1946ರ ಜುಲೈ 24ರಂದು ಬರ್ನಾರ್ಡ್ ಲಿಂಚ್ ಮೀಟಿಯರ್ ವಿಮಾನದಿಂದ ಗಂಟೆಗೆ 320 ಮೈಲಿ ವೇಗದಲ್ಲಿ ಹಾರಿ ತೋರಿಸುವ ಮೊದಲು ನೆಲದ ಮೇಲಿನ ಗೋಪುರದಲ್ಲಿ ಮಾಡಿದ ಪರೀಕ್ಷೆಗಳೆಲ್ಲ ಇದಕ್ಕೇ. ಕಾರ್ಟ್ರಿಡ್ಜ್‌ಗಳನ್ನು ಹಂತಹಂತವಾಗಿ ಸುಡುವುದು ಈ ಕಾರಣಕ್ಕೆ.

ಇಲ್ಲೇ ಒಂದು ವಿಚಿತ್ರ: ಮೆತ್ತನೆಯ ದಿಂಬು ಅಪಾಯ. ಅಡಿಯಲ್ಲಿ ಸ್ಪಂಜು ಇದ್ದರೆ ಸೀಟು ಮೊದಲು ಹೊರಟು, ಸ್ಪಂಜು ಪೂರ್ತಿ ಅಮುಕಿದ ಮೇಲೆ, ಆಗಲೇ ವೇಗ ಹಿಡಿದ ಸೀಟು ಪೈಲಟ್‌ನ ಕುಂಡೆಗೆ ಬಂದು ಬಡಿಯುತ್ತದೆ. ಸೀಟು 16 ಜಿ ಕಂಡರೆ ಮೈ ಅದಕ್ಕಿಂತ ಹೆಚ್ಚು ಕಾಣುತ್ತದೆ. ದೂರದ ಹಾರಾಟ ಅಂತ ಸ್ವಂತ ದಿಂಬು ಇಟ್ಟುಕೊಳ್ಳಲು ಬಿಡದಿರುವುದು ಇದಕ್ಕೆ. ಸಡಿಲ ಸೊಂಟಪಟ್ಟಿಯ ಕತೆಯೂ ಇದೇ.

ಭಂಗಿ ಹೀಗಿರಬೇಕು: ಕುಂಡೆ ಸೀಟಿನ ಮೂಲೆಗೆ ತಾಗಿರಲಿ, ತೊಡೆ ಸೀಟಿಗೆ ಒತ್ತಿರಲಿ, ತಲೆ ಹಿಂದಿನ ದಿಂಬಿಗೆ ಒರಗಿ ಗದ್ದ ತುಸು ಮೇಲೆ, ಮೊಣಕೈ ಪಕ್ಕೆಗೆ. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಕೈ ಆ ಮಣಿಕಟ್ಟಿಗೆ. ತಲೆ ಬಗ್ಗಿಸಿ ಹ್ಯಾಂಡಲ್ ನೋಡುತ್ತಾ ಎಳೆಯುವುದು ಮಹಾ ತಪ್ಪು. ಎರಡು ಕಿಲೊ ಹೆಲ್ಮೆಟ್ 16 ಜಿ ಯಲ್ಲಿ 32 ಕಿಲೊ, ಬಗ್ಗಿದ ಕತ್ತು ಅದನ್ನು ಹೊರಲಾರದು. ಕತ್ತಿನ ವಿಷಯ ಎಷ್ಟು ಸೂಕ್ಷ್ಮ ಅಂದರೆ, 2015ರಲ್ಲಿ 136 ಪೌಂಡಿಗಿಂತ, ಅಂದರೆ ಸುಮಾರು 62 ಕಿಲೊಗಿಂತ, ಹಗುರಾದ ಪೈಲಟ್‌ಗಳನ್ನು ಎಫ್-35 ಹಾರಿಸದಂತೆ ಅಮೆರಿಕ ತಡೆಯಿತು. ಹೆಲ್ಮೆಟ್ ಹಗುರ ಮಾಡಿ, ಹಗುರ ಮೈಯವರಿಗೆ ಪ್ಯಾರಾಚೂಟು ತುಸು ತಡವಾಗಿ ಬಿಚ್ಚುವ ಸ್ವಿಚ್ಚು, ತಲೆಗೆ ಆನಿಸುವ ಪಟ್ಟಿ ಸೇರಿಸಿದ ಮೇಲೆ ಆ ತಡೆ ಹೋಯಿತು.

ಗಾಳಿಯ ಹೊಡೆತ ಬೇರೆಯೇ ಶತ್ರು. ನೆಲಮಟ್ಟದಲ್ಲಿ ಗಂಟೆಗೆ 600 ಕಿ.ಮೀ. ವೇಗದ ಗಾಳಿ ಚದರ ಮೀಟರಿಗೆ ಸುಮಾರು 1.7 ಟನ್ ಒತ್ತುತ್ತದೆ. 1,100 ಕಿ.ಮೀ.ಗೆ ಅದು 5.8 ಟನ್. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಹ್ಯಾಂಡಲಿನಿಂದ ತಪ್ಪಿದ ಕೈ ಹಿಂದಕ್ಕೆ ಬೀಸಿ ಭುಜದ ಕೀಲು ಕಳಚುತ್ತದೆ. ಕೆ-36 ಸೀಟಿನಲ್ಲಿ ಕೈಗಳ ಪಕ್ಕ ತಡೆಹಲಗೆ ಬಂದು ನಿಲ್ಲುವುದು, ಎದೆಯ ಮುಂದೆ ಗಾಳಿ ಸೀಳುವ ಫಲಕ ಏಳುವುದು, ಕಾಲು ಎತ್ತಿ ಹಿಡಿಯುವುದು ಎಲ್ಲ ಇದಕ್ಕಾಗಿ.

ಎತ್ತರ ಕಮ್ಮಿಯಾಗುವುದು: ಮೂಳೆ ಜಜ್ಜಿದರೆ ಆ ಮೂಳೆ ಕುಗ್ಗಿದಷ್ಟು ಕಮ್ಮಿ. ಮೂಳೆ ನೆಟ್ಟಗಿದ್ದರೆ ಡಿಸ್ಕುಗಳು ಅಮುಕಿದ್ದು ಕೆಲವು ದಿನದಲ್ಲಿ ಸರಿಹೋಗುತ್ತದೆ. ಇಂಚುಗಟ್ಟಲೆ ಕುಳ್ಳಾದರು ಅನ್ನುವುದೆಲ್ಲ ಉತ್ಪ್ರೇಕ್ಷೆ. ನಡೆದುಕೊಂಡು ಬಂದ ಪೈಲಟ್‌ಗೂ ಇಡೀ ಬೆನ್ನಿನ ಎಂಆರ್‌ಐ ಮಾಡಿಸುವುದು, ಬರೀ ಎಕ್ಸ್‌ರೇಯಲ್ಲಿ ಸಣ್ಣ ಬಿರುಕು ತಪ್ಪಿಹೋಗಬಹುದು ಅಂತ. ನಮ್ಮಲ್ಲಿ ಮತ್ತೆ ಹಾರಲು ಯೋಗ್ಯರೇ ಅಂತ ತೂಗುವ ಕೆಲಸದಲ್ಲಿ ಬೆಂಗಳೂರಿನ ವಿಮಾನಪುರದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ದೊಡ್ಡ ಪಾತ್ರವಿದೆ.

ಕೆಂಪುಬಾವುಟ ಉತ್ತರ:

ಸೀಟ್‌ಬೇ ಹೇಳಿದ ಕತ್ತರಿ ಕೊಂಡಿಗೆ ಬರುತ್ತೇನೆ.

2011ರ ನವೆಂಬರ್ 8, ಇಂಗ್ಲೆಂಡಿನ ಸ್ಕ್ಯಾಂಪ್ಟನ್ ನೆಲೆ. ಬ್ರಿಟನ್ ವಾಯುಪಡೆಯ ಪ್ರದರ್ಶನ ತಂಡವಾದ ರೆಡ್ ಆ್ಯರೋಸ್‌ನ ಹಾಕ್ ನೆಲದ ಮೇಲೆ ನಿಂತಿದ್ದಾಗಲೇ ಮಾರ್ಕ್ 10 ಸೀಟು ಹಾರಿತು. ನಿಂತ ವಿಮಾನ, ನೆಟ್ಟಗಿನ ಸೀಟು, ಜೀರೋ-ಜೀರೋಗೆ ಹೇಳಿಮಾಡಿಸಿದ ಸ್ಥಿತಿ. ಆದರೂ ಪೈಲಟ್ ಸತ್ತರು. ಎರಡು ಬೇರೆಬೇರೆ ತಪ್ಪುಗಳು ಒಂದಕ್ಕೊಂದು ಸೇರಿದ್ದವು.

ಒಂದು ಹ್ಯಾಂಡಲಿನದು. ಮೊದಲಿನ ಹಾರಾಟದಲ್ಲಿ ಬೆಲ್ಟಿನ ಪಟ್ಟಿಯೊಂದು ಹ್ಯಾಂಡಲ್ಲಿನೊಳಗೆ ತೂರಿಕೊಂಡು, ಅದು ತನ್ನ ಗೂಡಿನಿಂದ ಅರೆಬರೆ ಮೇಲೆದ್ದಿತ್ತು. ನೆಲದ ಮೇಲೆ ಹಾಕುವ ಸುರಕ್ಷಾ ಪಿನ್ನು ಆ ಸ್ಥಿತಿಯಲ್ಲೂ ರಂಧ್ರದೊಳಗೆ ಹೋಗುತ್ತಿತ್ತು. ಪಿನ್ನಿಗೆ ಕಟ್ಟಿದ ಕೆಂಪು ಬಾವುಟ ನೇತಾಡುತ್ತಿತ್ತು, ನೋಡಿದವರಿಗೆಲ್ಲ 'ಸೇಫ್'. ಆದರೆ ಪಿನ್ನು ಏನನ್ನೂ ಹಿಡಿದಿರಲಿಲ್ಲ. ಹಲವು ದಿನಗಳಲ್ಲಿ ಹಲವರು ಪರೀಕ್ಷಿಸಿದರೂ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡನೆಯದು ನಟ್ಟು-ಬೋಲ್ಟಿನದು. ಡ್ರೋಗಿನ ಹಗ್ಗದ ತುದಿಯ ಕೊಂಡಿ ಆ ಕತ್ತರಿಯ ಬಾಯೊಳಗೆ ಸಡಿಲವಾಗಿ ಕೂತಿರಬೇಕು, ಕತ್ತರಿ ತೆರೆದಾಗ ಜಾರಿ ಹೋಗಬೇಕು. ಅಲ್ಲಿ ನಟ್ಟನ್ನು ಅತಿಯಾಗಿ ಬಿಗಿದಿದ್ದರಿಂದ ಕೊಂಡಿಯ ಎರಡು ಕಿವಿಗಳು ಕತ್ತರಿಯನ್ನೇ ಕಚ್ಚಿಕೊಂಡವು. ವೇಗದಲ್ಲಿ ಹಾರುತ್ತಿದ್ದರೆ ಡ್ರೋಗಿನ ಜಗ್ಗಿಗೆ ಬಿಡಿಸಿಕೊಳ್ಳುತ್ತಿತ್ತೇನೋ. ಸೊನ್ನೆ ವೇಗದಲ್ಲಿ ಡ್ರೋಗಿಗೆ ಎಳೆಯುವ ಬಲವೆಲ್ಲಿ? ದೊಡ್ಡ ಪ್ಯಾರಾಚೂಟು ಡಬ್ಬಿ ಬಿಟ್ಟು ಬರಲೇ ಇಲ್ಲ. ತಯಾರಕ ಕಂಪನಿ 2018ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 11 ಲಕ್ಷ ಪೌಂಡ್ ದಂಡ ತೆತ್ತಿತು.

ಸಾಮಾನ್ಯವಾಗಿ ಮೆಕ್ಯಾನಿಕ್ಕಿನ ಕೈಗೆ 'ಗಟ್ಟಿಯಾಗಿ ಬಿಗಿ' ಅನ್ನುವುದೇ ರಕ್ತಗತ. ಸಡಿಲ ಇರಬೇಕಾದ ನಟ್ಟನ್ನು ಸಡಿಲವಾಗಿಯೇ ಬಿಡು ಅಂತ ಪುಸ್ತಕ ದೊಡ್ಡಕ್ಷರದಲ್ಲಿ ಹೇಳದಿದ್ದರೆ ಯಾರೂ ಬಿಡುವುದಿಲ್ಲ. ಪಿನ್ನಿನ ವಿಷಯದಲ್ಲೂ ಅಷ್ಟೇ, ಬಾವುಟ ಎಣಿಸಿದರೆ ಸಾಲದು. ಹ್ಯಾಂಡಲ್ ಗೂಡಿನಲ್ಲಿ ಪೂರ್ತಿ ಕೂತಿದೆಯೇ ಅಂತ ಕಣ್ಣಿಟ್ಟು ನೋಡಬೇಕು.

ಇನ್ನೊಂದು ಮಾತು, ಊರಿನವರಿಗೆ. ಹೊಲದಲ್ಲಿ ಜೆಟ್ ಬಿದ್ದರೆ ಸೀಟಿನ ಹತ್ತಿರ ಹೋಗಬೇಡಿ. ಪೈಲಟ್ ಒಳಗೇ ಇದ್ದರೆ ಗನ್, ರಾಕೆಟ್, ಕ್ಯಾನೊಪಿಯ ಸಿಡಿಮದ್ದು ಎಲ್ಲವೂ ಜೀವಂತ. ಹಳದಿ-ಕಪ್ಪು ಪಟ್ಟೆಯ ಯಾವುದನ್ನೂ ಮುಟ್ಟಬಾರದು. ಹೊರಗೆ ಬಿದ್ದ ಖಾಲಿ ಸೀಟಿನಲ್ಲೂ ಸುಡದೆ ಉಳಿದ ಕಾರ್ಟ್ರಿಡ್ಜ್ ಇರಬಹುದು, ಫೋಟೊಗೆ ಎತ್ತಿ ನಿಲ್ಲಿಸುವ ವಸ್ತುವಲ್ಲ ಅದು. ತೇಜಸ್‌ನಂಥ ವಿಮಾನದ ಮೈಯಲ್ಲಿ ಕಾರ್ಬನ್ ನಾರು ಹೆಚ್ಚು. ಸುಟ್ಟ ಮೇಲೆ ಅದರ ಧೂಳು ಉಸಿರಿಗೂ ಚರ್ಮಕ್ಕೂ ಕೆಟ್ಟದ್ದು, ಗಾಳಿ ಬರುವ ಕಡೆ ನಿಲ್ಲಿ.

ಹಳ್ಳಿಮೇಷ್ಟ್ರು:

ಪ್ಯಾರಾಚೂಟಿನಲ್ಲಿ ಇಳಿದ ಪೈಲಟ್ ಸಿಕ್ಕರೆ? ಚಾಮರಾಜನಗರದ ವಿಡಿಯೊಗಳಲ್ಲಿ ಜನ ಓಡಿಹೋಗಿ ಸಹಾಯಕ್ಕೆ ನಿಂತದ್ದು ಕಂಡಿತ್ತು.

ಡಿ12ಎಲ್1 ಉತ್ತರ:

ಮಲಗಿಸಿ. 'ಏಳಿ ಸಾರ್, ಕೂತ್ಕೊಳ್ಳಿ, ನೀರು ಕುಡೀರಿ' ಅಂತ ಎತ್ತಿ ಕೂರಿಸುವುದು ನಮ್ಮವರ ಪ್ರೀತಿ, ಆದರೆ ಮೇಲೆ ಹೇಳಿದ ಮೂಳೆಗೆ ಅದೇ ವೈರಿ. ಪ್ಯಾರಾಚೂಟಿನಲ್ಲಿ ಇಳಿಯುವ ವೇಗ ಸೆಕೆಂಡಿಗೆ 7 ಮೀಟರ್ ಇದ್ದರೆ, ಎರಡೂವರೆ ಮೀಟರ್ ಗೋಡೆಯಿಂದ ಜಿಗಿದಂತೆ. ಬೆನ್ನಿಗೆ ಎರಡನೆಯ ಏಟು ಆಗಲೇ ಬಿದ್ದಿರುತ್ತದೆ, ಜೊತೆಗೆ ಹಿಮ್ಮಡಿಗೂ. ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ, ಉಸಿರು ಕಟ್ಟುತ್ತಿದ್ದರೆ ಮಾಸ್ಕು ಮಾತ್ರ ಬಿಡಿಸಿ. ಗಾಳಿಗೆ ಪ್ಯಾರಾಚೂಟು ಉಬ್ಬಿ ಎಳೆದಾಡುತ್ತಿದ್ದರೆ ಬಟ್ಟೆಯನ್ನೇ ಮುದ್ದೆ ಮಾಡಿ ಮೇಲೆ ಕಲ್ಲು ಹೇರಿ. ಬಾಯಿಗೆ ನೀರು, ಊಟ ಏನೂ ಬೇಡ, ಆಪರೇಷನ್ ಬೇಕಾಗಬಹುದು. ಸಾಗಿಸಲೇಬೇಕಾದರೆ ಬಾಗಿಲ ಹಲಗೆಯೋ ಬೆಂಚೋ ತಂದು, ನಾಲ್ಕು ಜನ ತಲೆ-ಭುಜ-ಸೊಂಟ-ಕಾಲು ಹಿಡಿದು ಒಂದೇ ಏಟಿಗೆ ಹೊರಳಿಸಿ. ಕೊಡೆ ಇದ್ದರೆ ಮುಖಕ್ಕೆ ನೆರಳು ಹಿಡಿಯಿರಿ. 112ಕ್ಕೆ ಫೋನ್ ಮಾಡುವಾಗ ಇಬ್ಬರು ಇಳಿದರೋ ಒಬ್ಬರೋ ಅನ್ನುವುದನ್ನು ಮೊದಲು ಹೇಳಿ. ಇನ್ನೊಬ್ಬರು ಪಕ್ಕದ ಹೊಲದ ಮರದಲ್ಲಿ ನೇತಾಡುತ್ತಿರಬಹುದು.